ಮೂವರು ರೈಸ್‌ಗಳನ್ನು ಒಬ್ಬರನ್ನಾಗಿ ಮಾಡಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅವೆನ್ಯೂ ರಸ್ತೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹಳೆಯ ಪುಸ್ತಕದಂಗಡಿಗಳ ವಿವರ ಚೆನ್ನಾಗಿ ಮೂಡಿಬಂದಿತ್ತು. ಆದರೆ ಅಲ್ಲಿನ ರೈಸ್ ಸ್ಮಾರಕ ಚರ್ಚನ್ನು ಶಾಸನ ಪಿತಾಮಹ ಬಿ.ಎಲ್. ರೈಸ್ ಅವರ ನೆನಪಿಗೆ ಕಟ್ಟಲಾಯಿತು ಎಂದು ಲೇಖಕರು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದವರೂ ಅವರೇ ಎಂಬ ಮಾತು ಮುಂದಿನ ಸಾಲಿನಲ್ಲಿದೆ. ಎರಡೂ ಸರಿಯಲ್ಲ. ಇದು ಆ ಲೇಖಕರೊಬ್ಬರ ತಪ್ಪಾಗಿದ್ದರೆ ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಸ್ಮರಣ ಸಂಚಿಕೆಗಳಲ್ಲಿ, ವೇದಿಕೆಯ ಭಾಷಣಗಳಲ್ಲಿ, ವಿದ್ಯಾರ್ಥಿಗಳ ಸಂಪ್ರಬಂಧಗಳಲ್ಲಿ ಇದೇ ಗೊಂದಲವನ್ನು ವರ್ಷಗಳಿಂದ ನೋಡುತ್ತಿದ್ದೇನೆ. ‘ರೈಸ್’ ಎಂಬ ಒಂದೇ ಹೆಸರಿನಡಿ ಒಂದು ಮನೆಯ ಮೂವರನ್ನು ನಾವು ಕಲಸಿಬಿಟ್ಟಿದ್ದೇವೆ.

ಚರ್ಚಿನ ವಿಷಯವನ್ನು ಮೊದಲು ಹೇಳುತ್ತೇನೆ. ಈಗಿರುವ ಕಟ್ಟಡ ಎದ್ದದ್ದು 1910ರ ದಶಕದಲ್ಲಿ. ಶಾಸನತಜ್ಞ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ತೀರಿಕೊಂಡದ್ದು 1927ರಲ್ಲಿ. ಬದುಕಿರುವವರಿಗೆ ಯಾರೂ ಸ್ಮಾರಕ ಕಟ್ಟುವುದಿಲ್ಲ. ಆ ಚರ್ಚು ಹೊತ್ತಿರುವುದು ಅವರ ತಂದೆ ಬೆಂಜಮಿನ್ ಹೋಲ್ಟ್ ರೈಸ್ ಅವರ ಹೆಸರನ್ನು. ಲಂಡನ್ ಮಿಷನ್ನಿನ ಪಾದ್ರಿಯಾಗಿ 1837ರಲ್ಲಿ ಬೆಂಗಳೂರಿಗೆ ಬಂದ ಅವರು 1887ರಲ್ಲಿ ತೀರಿಕೊಂಡರು. ಕನ್ನಡ ಕಲಿತು ಕನ್ನಡದಲ್ಲಿಯೇ ಬೋಧಿಸಿದರು, ಪೇಟೆಯ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು, ಕನ್ನಡ ಬೈಬಲ್ಲಿನ ಪರಿಷ್ಕರಣೆಯಲ್ಲಿ ದುಡಿದರು. ಮಗನ ಕೀರ್ತಿ ದೊಡ್ಡದು, ನಿಜ. ಅದಕ್ಕಾಗಿ ಅಪ್ಪನ ನೆನಪಿನ ಕಟ್ಟಡವನ್ನೂ ಮಗನಿಗೆ ಬರೆದುಕೊಡುವುದು ಅನ್ಯಾಯ. ತಂದೆ ಮಗ ಇಬ್ಬರ ಹೆಸರೂ ಬೆಂಜಮಿನ್ ಆಗಿರುವುದರಿಂದ ಇಲ್ಲಿ ಹೆಚ್ಚಿನ ಎಚ್ಚರ ಬೇಕು.

ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ ತಿಂಗಳಲ್ಲಿ, ಬೆಂಗಳೂರಿನಲ್ಲಿಯೇ. ಇಂಗ್ಲೆಂಡಿನಲ್ಲಿ ಓದಿ ಹಿಂತಿರುಗಿ, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಬಳಿಕ ಶಾಲೆಗಳ ತನಿಖಾಧಿಕಾರಿಯಾಗಿ ಮೈಸೂರು ಸೀಮೆಯನ್ನೂ ಕೊಡಗನ್ನೂ ಸುತ್ತಿದರು. ಊರೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲುಗಳು ಅವರ ಕಣ್ಣಿಗೆ ಬಿದ್ದದ್ದು ಈ ತಿರುಗಾಟದಲ್ಲಿ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸರ್ಕಾರಕ್ಕಾಗಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಅವರ ಕೈಗೆ ಬಂದವು. ಅವುಗಳನ್ನು ಓದಿ, ಅನುವಾದಿಸಿ ಹೊರತಂದ ಸಂಕಲನ 1879ರದ್ದು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನಸಂಗ್ರಹದ ಹನ್ನೆರಡು ಸಂಪುಟಗಳು 1886ರಿಂದ 1905ರವರೆಗೆ ಬಂದವು. ಮೊದಲ ಸಂಪುಟ ಕೊಡಗಿನದು.

ಈ ಸಂಪುಟಗಳಲ್ಲಿ ಒಂದನ್ನು ಗ್ರಂಥಾಲಯದಲ್ಲಿ ತೆರೆದು ನೋಡಿ. ಒಂದೇ ಶಾಸನದ ಪಾಠ ರೋಮನ್ ಲಿಪಿಯಲ್ಲಿ ಒಂದು ಕಡೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ, ಕನ್ನಡ ಲಿಪಿಯಲ್ಲಿ ಮತ್ತೊಂದು ಕಡೆ ಇರುತ್ತದೆ. ಕಲ್ಲುಗಳನ್ನು ತಾಲ್ಲೂಕುವಾರು ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಹೀಗೆ ಒಟ್ಟುಗೂಡಿದ ಶಾಸನಗಳು ಸುಮಾರು ಒಂಬತ್ತು ಸಾವಿರ. ಗಂಗರ ಬಗ್ಗೆಯಾಗಲಿ ಹೊಯ್ಸಳರ ಬಗ್ಗೆಯಾಗಲಿ ಬರೆಯುವವರು ಇಂದಿಗೂ ಆ ಸಂಖ್ಯೆಗಳನ್ನೇ ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1890ರ ದಶಕದ ಆರಂಭದಲ್ಲಿ ಬೆಳಕಿಗೆ ತಂದವರೂ ಇವರೇ. ಪಂಪಭಾರತವನ್ನು ಅಚ್ಚಿಗೆ ತಂದದ್ದು 1898ರಲ್ಲಿ. ಇಷ್ಟನ್ನು ಮಾಡಿದವರಿಗೆ ಬೇರೆಯವರ ಕೆಲಸವನ್ನು ತಂದು ಸೇರಿಸುವ ಅಗತ್ಯವಾದರೂ ಏನಿದೆ?

ಸಾಹಿತ್ಯ ಚರಿತ್ರೆ ಬರೆದವರು ಇವರ ತಮ್ಮ ಎಡ್ವರ್ಡ್ ಪೀಟರ್ ರೈಸ್. ಅವರೂ ತಂದೆಯಂತೆ ಲಂಡನ್ ಮಿಷನ್ನಿನ ಪಾದ್ರಿ. ಕನ್ನಡ ಬಾರದ ಓದುಗರಿಗೆ ನಮ್ಮ ಕಾವ್ಯಪರಂಪರೆಯನ್ನು ಪರಿಚಯಿಸಿದ ಆ ಚಿಕ್ಕ ಪುಸ್ತಕ ಮೊದಲು ಅಚ್ಚಾದದ್ದು 1915ರಲ್ಲಿ, ಎರಡನೆಯ ಮುದ್ರಣ 1921ರಲ್ಲಿ. ತಂದೆಯ ಜೀವನಚರಿತ್ರೆಯನ್ನು ಬರೆದವರೂ ಇವರೇ. ಅಣ್ಣನ ಹೆಸರಿನ ಮರೆಯಲ್ಲಿ ಇವರು ಎಷ್ಟು ಮಸುಕಾಗಿದ್ದಾರೆಂದರೆ, ಅವರ ಪುಸ್ತಕದ ಮಾತನ್ನೇ ಎತ್ತಿಕೊಂಡು ‘ಶಾಸನತಜ್ಞ ರೈಸ್ ಹೇಳುವಂತೆ’ ಎಂದು ಬರೆಯುವವರಿದ್ದಾರೆ.

ನಮ್ಮವರ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. 1906ರಲ್ಲಿ ಬಿ.ಎಲ್. ರೈಸ್ ಮೈಸೂರು ಪುರಾತತ್ತ್ವ ಇಲಾಖೆಯಿಂದ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಆರ್. ನರಸಿಂಹಾಚಾರ್ಯರು. ಇ.ಪಿ. ರೈಸ್ ಅವರ ಪುಸ್ತಕಕ್ಕೆ ಮುಖ್ಯ ಆಧಾರವಾದದ್ದು ‘ಕರ್ಣಾಟಕ ಕವಿಚರಿತೆ’. ಅದರ ಮೊದಲ ಸಂಪುಟದಲ್ಲಿ ಆರ್. ನರಸಿಂಹಾಚಾರ್ಯರ ಜೊತೆಗೆ ದುಡಿದವರು ಎಸ್.ಜಿ. ನರಸಿಂಹಾಚಾರ್ಯರು. ಇವರಿಬ್ಬರ ಹೆಸರಿನ ಮುಂದಿನ ಅಕ್ಷರಗಳನ್ನು ಬಿಟ್ಟು ಬರೆದರೆ ಯಾವ ಮೇಷ್ಟರೂ ಸುಮ್ಮನಿರುವುದಿಲ್ಲ. ರೈಸ್‌ಗಳಿಗೂ ಅದೇ ಮರ್ಯಾದೆ ಸಲ್ಲಬೇಕು. ಶ್ರವಣಬೆಳಗೊಳದ ಸಂಪುಟವನ್ನು ಉಲ್ಲೇಖಿಸುವಾಗಲಂತೂ ಇದು ಬರಿಯ ಮರ್ಯಾದೆಯ ಪ್ರಶ್ನೆಯೂ ಅಲ್ಲ. 1889ರ ಆವೃತ್ತಿ ಬಿ.ಎಲ್. ರೈಸ್ ಅವರದು, ಅದರಲ್ಲಿದ್ದದ್ದು 144 ಶಾಸನಗಳು. 1923ರಲ್ಲಿ ಅದನ್ನು 500 ಶಾಸನಗಳಿಗೆ ಬೆಳೆಸಿ ಪರಿಷ್ಕರಿಸಿದವರು ಆರ್. ನರಸಿಂಹಾಚಾರ್ಯರು. ಎರಡನ್ನೂ ‘ರೈಸ್ ಸಂಪುಟ’ ಎಂದು ಕರೆದರೆ ಶಾಸನ ಹುಡುಕಿಕೊಂಡು ಹೋದ ವಿದ್ಯಾರ್ಥಿ ದಾರಿ ತಪ್ಪುತ್ತಾನೆ.

ಈ ಮನೆತನದ ಹೆಸರೇ ಹೀಗೆ ಹಲವೆಡೆ ಹರಡಿಕೊಂಡಿದೆ. ವೇಲ್ಸ್ ನಾಡಿನ ‘ರೀಸ್’ ಎಂಬ ಹಳೆಯ ಅಂಕಿತನಾಮ ಇಂಗ್ಲಿಷರ ಬಾಯಲ್ಲಿ ರೈಸ್ ಎಂದಾದದ್ದು ಇದರ ಒಂದು ಮುಖ್ಯ ಮೂಲ. ಹಾಗಾಗಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎಷ್ಟೋ ಕುಟುಂಬಗಳು ಈ ಹೆಸರಿನಲ್ಲಿವೆ. ಅಮೆರಿಕದಲ್ಲಿ ಕಾಂಡೊಲೀಸಾ ರೈಸ್ 2001ರಿಂದ, ಸೂಸನ್ ರೈಸ್ 2013ರಿಂದ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದರು. ಒಬ್ಬರು ಬುಷ್ ಸರ್ಕಾರದಲ್ಲಿ, ಇನ್ನೊಬ್ಬರು ಒಬಾಮಾ ಸರ್ಕಾರದಲ್ಲಿ. ಇಬ್ಬರೂ ಕಪ್ಪು ಜನಾಂಗದ ಮಹಿಳೆಯರು, ಹುದ್ದೆಯೂ ಒಂದೇ, ಆದರೆ ಬಂಧುಗಳಲ್ಲ. ಹ್ಯೂಸ್ಟನ್‌ನ ವಿಶ್ವವಿದ್ಯಾಲಯಕ್ಕೆ ಹೆಸರು ಬಂದದ್ದು ವ್ಯಾಪಾರಿ ವಿಲಿಯಂ ಮಾರ್ಷ್ ರೈಸ್ ಅವರಿಂದ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಓದುವ ಪ್ರಮೇಯ ಹೆನ್ರಿ ಗಾರ್ಡನ್ ರೈಸ್ ಅವರದು. ಬ್ರಿಟನ್ನಿನ ಗೀತರಚನೆಕಾರ ಟಿಮ್ ರೈಸ್ ಮತ್ತೊಬ್ಬರು. ಇವರನ್ನು ಯಾರೂ ನಮ್ಮ ರೈಸ್‌ಗಳ ಜೊತೆ ಬೆರೆಸುವುದಿಲ್ಲ, ಏಕೆಂದರೆ ಕಾಲವೂ ಕ್ಷೇತ್ರವೂ ದೂರ. ಒಂದೇ ಊರು, ಒಂದೇ ಶತಮಾನ, ಒಂದೇ ಮನೆ, ಮೂವರ ಕೆಲಸವೂ ಕನ್ನಡಕ್ಕೆ ಸಂಬಂಧಿಸಿದ್ದು ಎಂದಾಗ ತೊಡಕು ಬರುತ್ತದೆ.

ನನ್ನ ಕೋರಿಕೆ ಸರಳವಾದದ್ದು. ರೈಸ್ ಎಂಬ ಹೆಸರು ಬಂದ ಕೂಡಲೇ ನಿಮ್ಮ ಉಪಸಂಪಾದಕರು ಯಾವ ರೈಸ್ ಎಂದು ಲೇಖಕರನ್ನು ಕೇಳಲಿ. ಮೊದಲ ಉಲ್ಲೇಖದಲ್ಲಿ ಪೂರ್ಣ ಹೆಸರು, ಆಮೇಲೆ ಬಿ.ಎಚ್., ಬಿ.ಎಲ್. ಅಥವಾ ಇ.ಪಿ. ಎಂದು ಅಚ್ಚಾಗಲಿ. ಶಾಲೆಯ ಮಕ್ಕಳು ರಸಪ್ರಶ್ನೆಗೆ ನಿಮ್ಮ ಪುರವಣಿಯ ತುಣುಕುಗಳನ್ನೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕದೆ ಮುಂದಿನ ಭಾನುವಾರ ಅದೇ ಪುರವಣಿಯಲ್ಲಿ ಪ್ರಕಟಿಸಬೇಕೆಂದೂ, ಅಂತರಜಾಲದ ಆವೃತ್ತಿಯಲ್ಲಿ ಆ ಎರಡು ಸಾಲುಗಳನ್ನು ಈಗಲೇ ಸರಿಪಡಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಬೆಂಗಳೂರು