ಮಾಸ್ಕ್ ಹಸಿ ಕಸಕ್ಕೆ ಬೀಳದಿರಲಿ: ಪಾಲಿಕೆಯ ಮುಖ್ಯ ಆಯುಕ್ತರಿಗೊಂದು ಬಹಿರಂಗ ಪತ್ರ

ಬೆಂಗಳೂರು, ಜೂನ್ 2021

ಮಾನ್ಯ ಮುಖ್ಯ ಆಯುಕ್ತರೇ,

ಕೊರೊನಾದ ಎರಡನೇ ಅಲೆ ಇಳಿಯುತ್ತಿದೆ. ಹಾಸಿಗೆ, ಆಮ್ಲಜನಕ, ಲಸಿಕೆ ಎಂದು ಹಗಲಿರುಳು ಓಡಾಡಿದ ನಿಮಗೆ ಕಸದ ಮಾತು ಈಗ ಸಣ್ಣದಾಗಿ ಕಂಡೀತು. ಆದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗಲೂ ಬೆಳಗಾಗುವ ಮೊದಲೇ ಬೀದಿಗಿಳಿದವರು ಪೌರಕಾರ್ಮಿಕರು. ನಾವು ಬೆರೆಸಿ ಕೊಡುವ ಕಸಕ್ಕೆ ಕೈ ಹಾಕಬೇಕಾದವರೂ ಅವರೇ.

ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರು, ಚೀಲಕ್ಕೆ ಒಣ ಕಸ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ಈ ಕ್ರಮ ನಮಗೆ ಸುಮ್ಮನೆ ಬಂದದ್ದಲ್ಲ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ನಮ್ಮ ಕಸದ ನಾತ ಕುಡಿದು, ಲಾರಿಗಳಿಗೆ ಅಡ್ಡ ನಿಂತು ಕಲಿಸಿದ ಪಾಠ ಅದು. ಕೊರೊನಾ ಬಂದದ್ದೇ ತಡ, ಹೆದರಿಕೆಯ ನೆಪದಲ್ಲಿ ಎಷ್ಟೋ ಮನೆಗಳು ಮತ್ತೆ ಎಲ್ಲವನ್ನೂ ಒಂದೇ ಕವರಿಗೆ ತುಂಬಿ ಗಂಟು ಕಟ್ಟಲು ಶುರುಮಾಡಿದವು. ಸಾಂಕ್ರಾಮಿಕದ ಕಾಲದಲ್ಲಿ ವಿಂಗಡಣೆ ಮೊದಲಿಗಿಂತ ಬಿಗಿಯಾಗಬೇಕಿತ್ತು.

ಮಾಸ್ಕಿನ ವಿಷಯವನ್ನೇ ನೋಡಿ. ಸೋಂಕಿಲ್ಲದ ಮನೆಯವರು ಬಳಸಿದ ಮಾಸ್ಕನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಕೊಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕಳೆದ ವರ್ಷವೇ ಹೇಳಿದೆ. ಪ್ಲಾಸ್ಟಿಕ್ ಮೇಲೆ ವೈರಾಣು ಮೂರು ದಿನದವರೆಗೂ ಉಳಿಯಬಹುದೆಂದು ಪ್ರಯೋಗಾಲಯದಲ್ಲಿ ಕಂಡಿತ್ತು. ಸರ್ಜಿಕಲ್ ಮಾಸ್ಕ್ ಬಟ್ಟೆಯಂತೆ ಕಂಡರೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ. ಹಸಿ ಕಸದೊಳಗೆ ಸೇರಿದರೆ ಅದು ಕೊಳೆಯುವುದಿಲ್ಲ, ಚೂರುಚೂರಾಗಿ ಗೊಬ್ಬರದ ಜೊತೆ ಯಾರದೋ ಹೊಲ ಸೇರುತ್ತದೆ. ಈ 72 ಗಂಟೆಯ ಮಾತು ನನ್ನ ನೆರೆಹೊರೆಯವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆಟೊ ಟಿಪ್ಪರಿನ ಧ್ವನಿವರ್ಧಕದಲ್ಲಿ ದಿನಾ ಎರಡು ವಾಕ್ಯ ಹೇಳಿಸಿದರೆ ಸಾಕು, ಖರ್ಚೇನೂ ಇಲ್ಲ.

ಮನೆಯಲ್ಲೇ ಆರೈಕೆ ಪಡೆಯುವ ಸೋಂಕಿತರ ಮಾಸ್ಕು, ಕೈಗವಸು ಆಸ್ಪತ್ರೆ ಕಸದಂತೆ ಸುಡಲು ಒಯ್ಯುವ ಹಳದಿ ಚೀಲಕ್ಕೆ ಹೋಗಲೇಬೇಕು. ಆದರೆ ಆ ಮನೆಯ ತರಕಾರಿ ಸಿಪ್ಪೆ, ನೀರಿನ ಬಾಟಲಿಯನ್ನೂ ಅದಕ್ಕೇ ತುರುಕಿದರೆ ಸುಡುವ ಘಟಕಗಳಿಗೆ ಸುಮ್ಮನೆ ಹೊರೆ.

ಇನ್ನು ಪಾರ್ಸೆಲ್. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟಗಳಿಗೆ ನಿಷೇಧವಿದೆ. ಆದರೂ ಲಾಕ್‌ಡೌನಿನಲ್ಲಿ ಒಂದು ಇಡ್ಲಿ ವಡೆಗೆ ಸಾಂಬಾರಿನ ಕವರು, ಚಟ್ನಿಯ ಕವರು, ಅದರ ಮೇಲೆ ಡಬ್ಬಿ, ಚಮಚ. ಮನೆಯಿಂದ ಸ್ಟೀಲ್ ಕ್ಯಾರಿಯರ್ ಒಯ್ದರೆ ಎಷ್ಟೋ ಹೋಟೆಲಿನವರು ‘ಕೊರೊನಾ ಸಾರ್, ಮುಟ್ಟಲ್ಲ’ ಎನ್ನುತ್ತಾರೆ. ಅವರ ಭಯ ಅರ್ಥವಾಗುತ್ತದೆ. ಆದರೆ ಈ ವೈರಾಣುವಿನ ಹೊರಪದರ ಕೊಬ್ಬಿನದು, ಸೋಪಿಗೆ ಕರಗುತ್ತದೆ. ತೊಳೆದು ಮತ್ತೆ ಬಳಸುವ ಪಾತ್ರೆ ಸುರಕ್ಷಿತವೆಂದು 2020ರ ಜೂನ್‌ನಲ್ಲೇ ನಾನಾ ದೇಶಗಳ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ಹೇಳಿದ್ದಾರೆ. ತೊಳೆದು ತಂದ ಡಬ್ಬಿಗೆ ಊಟ ಹಾಕಿಕೊಡಬಹುದೆಂದು ಪಾಲಿಕೆಯೇ ಒಂದು ಸುತ್ತೋಲೆ ಹೊರಡಿಸಲಿ. ಹೋಟೆಲಿನವರಿಗೂ ಧೈರ್ಯ ಬರುತ್ತದೆ.

ಹಸಿ ಕಸ ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು. ಜನ ಮನೆಯಲ್ಲೇ ಇರುವ ಈ ಹೊತ್ತಿಗಿಂತ ಗೊಬ್ಬರ ಮಾಡುವುದನ್ನು ಕಲಿಸಲು ಒಳ್ಳೆಯ ಸಮಯ ಯಾವುದಿದೆ? ಎಚ್‌ಎಸ್‌ಆರ್ ಲೇಔಟಿನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಂಥದ್ದು ಪ್ರತಿ ವಲಯಕ್ಕೂ ಬೇಕು.

2019ರಲ್ಲಿ ಮಾರ್ಷಲ್‌ಗಳನ್ನು ನೇಮಿಸಿದ್ದು ಕಸ ಎಸೆಯುವವರನ್ನು, ಪ್ಲಾಸ್ಟಿಕ್ ಮಾರುವವರನ್ನು ಹಿಡಿಯಲು. ಈಗ ಅವರು ಮಾಸ್ಕ್ ಹಾಕದವರಿಗೆ ರಸೀದಿ ಹರಿಯುತ್ತಿದ್ದಾರೆ. ಅದೂ ಬೇಕಾದ ಕೆಲಸವೇ. ಸೋಂಕು ಕಡಿಮೆಯಾದ ವಾರ್ಡುಗಳಲ್ಲಾದರೂ ಅವರಲ್ಲಿ ಕೆಲವರನ್ನು ಮೊದಲಿನ ಕೆಲಸಕ್ಕೆ ಮರಳಿಸಿ. ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ದಿನವಿಡೀ ಕೂತು ವಿಂಗಡಿಸುವವರಲ್ಲಿ ಒಬ್ಬರಿಗೂ ಲಸಿಕೆ, ಕೈಗವಸು ತಪ್ಪದಂತೆ ನೋಡಿಕೊಳ್ಳಿ. ಪಾಲಿಕೆಯ ಸಂಬಳಪಟ್ಟಿಯಲ್ಲಿ ಹೆಸರಿಲ್ಲದ ಚಿಂದಿ ಆಯುವವರಿಗೂ ಇದು ಸಲ್ಲಬೇಕು.

ತಿಂಗಳ ಮೊದಲ ಶನಿವಾರದ ವಾರ್ಡ್ ಸಮಿತಿ ಸಭೆಯಲ್ಲಿ ಈ ವಿಷಯಗಳನ್ನು ಚರ್ಚೆಗೆ ಇಡಿಸಿ. ನಮ್ಮ ಬೀದಿಯವರು ಬರುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ