ಮೋಟರ್ ಒಂದನ್ನೇ ಬದಲಿಸಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ

ಗ್ರಾಹಕರಿಗೆ ನಮಸ್ಕಾರ.

ಹಾರುತ್ತಿರುವಾಗ ಮೋಟರ್ ನಿಂತು ಬಿದ್ದ ಡ್ರೋನ್ ತಂದರೆ, ಸುಟ್ಟ ಮೋಟರ್ ತೆಗೆದು ಹೊಸದನ್ನು ಹಾಕಿ ಅಂದೇ ಸಂಜೆ ಕೊಡುತ್ತಿದ್ದೆವು. ಬರುವ ತಿಂಗಳ 1ರಿಂದ ಹಾಗೆ ಕೊಡುವುದಿಲ್ಲ. ನಾಲ್ಕೂ ತೋಳು ಬಿಚ್ಚಿ ನೋಡಿ, ನಿಂತದ್ದೇಕೆ ಎಂದು ಗೊತ್ತಾದ ಮೇಲೆಯೇ ಕೊಡುತ್ತೇವೆ. ಇದಕ್ಕೆ ಮೂರು ದಿನ ಬೇಕು. ಪರೀಕ್ಷೆಯ ಕೂಲಿ ಬೇರೆ. ಡ್ರೋನ್ ಒಪ್ಪಿಸುವಾಗಲೇ ಬರೆದುಕೊಡುತ್ತೇವೆ.

ನಾಲ್ಕು ಮೋಟರಿನ ಡ್ರೋನಿಗೆ ಎರಡನೇ ಅವಕಾಶ ಇರುವುದಿಲ್ಲ. ಮೂಲೆಯಿಂದ ಮೂಲೆಗೆ ಎದುರಾಗಿರುವ ಎರಡು ಮೋಟರ್ ಒಂದೇ ದಿಕ್ಕಿಗೆ ತಿರುಗುತ್ತವೆ, ಉಳಿದೆರಡು ಅದರ ವಿರುದ್ಧ. ಒಂದು ನಿಂತರೆ ಆ ಮೂಲೆ ಕುಸಿಯುತ್ತದೆ. ಮಟ್ಟವಾಗಿ ನಿಲ್ಲಬೇಕೆಂದರೆ ಅದರ ಎದುರಿನದನ್ನೂ ಹೆಚ್ಚುಕಡಿಮೆ ನಿಲ್ಲಿಸಬೇಕು. ಆಗ ಭಾರವೆಲ್ಲ ಒಂದೇ ದಿಕ್ಕಿಗೆ ತಿರುಗುವ ಎರಡರ ಮೇಲೆ ಬಿದ್ದು ಡ್ರೋನ್ ಬುಗುರಿಯಾಗುತ್ತದೆ. 1 ಕೆ.ಜಿ. ಡ್ರೋನ್ ನಿಂತಲ್ಲೇ ತೇಲುವಾಗ ಒಂದೊಂದು ಮೋಟರ್ ಎತ್ತುವುದು 250 ಗ್ರಾಂ. ಈಗ 500 ಎತ್ತಬೇಕು. ನಾಲ್ಕೂ ಸೇರಿ 2 ಕೆ.ಜಿ. ಎತ್ತಬಲ್ಲ ಜೋಡಣೆಯಲ್ಲಿ ಒಂದರ ಪೂರ್ತಿ ಶಕ್ತಿಯೇ ಅಷ್ಟು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಮಂಗಳೂರಿನಷ್ಟೇ ಭಾರ ಎತ್ತಲು ಪ್ರೊಪೆಲರ್ ನೂರಕ್ಕೆ 4–5ರಷ್ಟು ಹೆಚ್ಚು ವೇಗವಾಗಿ ತಿರುಗಬೇಕು. ಒಂದು ಪ್ರೊಪೆಲರ್ ಹೋದರೂ ಸುತ್ತುತ್ತಲೇ ಇಳಿಸಬಹುದೆಂದು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ, ಆದರೆ ಅದಕ್ಕೆಂದೇ ಬರೆದ ನಿಯಂತ್ರಣ ಪ್ರೋಗ್ರಾಂ ಬೇಕು. 30 ಮೀಟರಿನಿಂದ ಬಿದ್ದರೆ ನೆಲಕ್ಕೆ ಎರಡೂವರೆ ಸೆಕೆಂಡು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ತಾಗುವ ವೇಗ ಗಂಟೆಗೆ 87 ಕಿ.ಮೀ. ಕೆಳಗೆ ಯಾರಿರುತ್ತಾರೋ ಎಂಬುದೇ ನಮ್ಮ ಚಿಂತೆ.

ಮೋಟರ್ ತಾನಾಗಿ ಸಾಯುವುದು ಅಪರೂಪ. ಕೊಲ್ಲುವುದು ಹೆಚ್ಚಾಗಿ ಅದನ್ನು ತೋಳಿಗೆ ಬಿಗಿಯುವ ಸ್ಕ್ರೂ. ತೋಳು 4 ಮಿ.ಮೀ. ದಪ್ಪ, ಸ್ಕ್ರೂ 8 ಮಿ.ಮೀ. ಉದ್ದ ಇದ್ದರೆ 4 ಮಿ.ಮೀ. ಮೋಟರಿನೊಳಗೆ ಹೋಗುತ್ತದೆ. ತೋಳು ಮುರಿದು 3 ಮಿ.ಮೀ. ದಪ್ಪದ್ದು ಹಾಕಿ ಹಳೇ ಸ್ಕ್ರೂಗಳನ್ನೇ ಬಿಗಿದರೆ 5 ಮಿ.ಮೀ. ಒಳಹೋಗಿ, ತುದಿ ತಾಮ್ರದ ಸುರುಳಿಗೆ ತಾಗುತ್ತದೆ. ಮೊದಲ ದಿನ ಹಾರೀತು; ನಡುಗಿ ನಡುಗಿ ಲೇಪನ ಸವೆದ ದಿನ ಶಾರ್ಟ್ ಆಗಿ, ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್ ಆದ ಇಎಸ್‌ಸಿಯನ್ನೂ ಸುಡುತ್ತದೆ. ಅದೇ ಸ್ಕ್ರೂ ಹಾಕಿದರೆ ಹೊಸ ಮೋಟರಿನ ಗತಿಯೂ ಅಷ್ಟೆ. ಆಷಾಢದಲ್ಲಿ ಗಾಳಿಪಟದ ಮಾಂಜಾ ಶಾಫ್ಟಿಗೆ ಸುತ್ತಿ ಬೇರಿಂಗಿಗೆ ಇಳಿದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಇನ್ನು ಮೋಟರಿನ ಮೂರು ವೈರುಗಳಲ್ಲಿ ಒಂದರ ಬೆಸುಗೆ ಬಿಟ್ಟರೆ ಮೋಟರ್ ತಿರುಗದೆ ಬರೀ ನಡುಗುತ್ತದೆ.

ಆದ್ದರಿಂದ ಮೂರು ವೈರುಗಳ ನಡುವಿನ ರೋಧ ಸಮ ಇದೆಯೇ, ಯಾವುದಾದರೂ ವೈರಿನಿಂದ ಮೋಟರಿನ ಮೈಗೆ ಕರೆಂಟ್ ಹರಿಯುತ್ತಿದೆಯೇ ಎಂದು ಅಳೆಯುತ್ತೇವೆ. ಆಮೇಲೆ ಅದೇ ಇಎಸ್‌ಸಿಗೆ ಚೆನ್ನಾಗಿರುವ ಮೋಟರ್ ಜೋಡಿಸಿ ನೋಡುತ್ತೇವೆ. ಅದೂ ನಡುಗಿದರೆ ದೋಷ ಇಎಸ್‌ಸಿಯದ್ದೋ ಬೆಸುಗೆಯದ್ದೋ.

ನಿಮ್ಮಿಂದಲೂ ಸ್ವಲ್ಪ ಸಹಾಯ ಬೇಕು. ಬಿದ್ದ ತಕ್ಷಣ ಡಿಸಾರ್ಮ್ ಮಾಡಿ, ಅಂದರೆ ರಿಮೋಟಿನಿಂದ ಮೋಟರುಗಳಿಗೆ ಶಕ್ತಿ ಹೋಗುವುದನ್ನು ನಿಲ್ಲಿಸಿ. ಹುಲ್ಲಿನಲ್ಲಿ ಸಿಕ್ಕಿಕೊಂಡ ಮೋಟರಿಗೆ ಡ್ರೋನ್ ಪೂರ್ತಿ ಶಕ್ತಿ ಕೊಡುತ್ತಲೇ ಇದ್ದರೆ ಉಳಿದ ಇಎಸ್‌ಸಿಗಳೂ ಸುಡುತ್ತವೆ. ಮತ್ತೆ ಬ್ಯಾಟರಿ ಹಾಕಿ ನೋಡಲೇಬೇಡಿ. ಮುರಿದ ಪ್ರೊಪೆಲರ್ ಚೂರು, ಸಿಕ್ಕ ಸ್ಕ್ರೂ, ಹಾರಾಟದ ಲಾಗ್ (ದಾಖಲೆ) ಇರುವ ಮೆಮೊರಿ ಕಾರ್ಡ್ ಎಲ್ಲ ತನ್ನಿ. ಬಿದ್ದದ್ದು ಹೇಗೆಂದು ನೆನಪಿಟ್ಟುಕೊಳ್ಳಿ: ಒಂದು ಕಡೆ ವಾಲಿ ಮಗುಚಿದ್ದರೆ ಮೋಟರ್, ಇಎಸ್‌ಸಿ ಅಥವಾ ಪ್ರೊಪೆಲರ್, ನಾಲ್ಕೂ ಒಟ್ಟಿಗೆ ಸೋತು ಮಟ್ಟವಾಗಿಯೇ ಇಳಿದಿದ್ದರೆ ಬ್ಯಾಟರಿ. ಬ್ಯಾಟರಿ ಉಬ್ಬಿದ್ದರೆ ಬೇರೆ ಪೆಟ್ಟಿಗೆಯಲ್ಲಿಟ್ಟು ತನ್ನಿ.

ಈಗಾಗಲೇ ನಮ್ಮಲ್ಲಿ ಕೊಟ್ಟಿರುವ ಡ್ರೋನುಗಳಿಗೂ ಇದೇ ಪರೀಕ್ಷೆ ಮಾಡುತ್ತೇವೆ, ಆದರೆ ಹಳೇ ದರದಲ್ಲೇ.

ಇಂತಿ,
ರಿಪೇರಿ ವಿಭಾಗ,
ಎಸ್.ಪಿ. ರಸ್ತೆ, ಬೆಂಗಳೂರು