ರೊಟ್ಟಿ ಬಡಿಯೋ ಸದ್ದು ನಿಂತಾಗ

ಈ ಶನಿವಾರಕ್ಕೆ ನಾನು ಟಿವಿಗೆ ರಾಜಕೀಯ ವಿಡಂಬನೆ ಬರೆಯೋಕೆ ಶುರು ಮಾಡಿ 20 ವರ್ಷ. ನಡುವೆ ಎಂಟು ತಿಂಗಳು ಕೆಲಸವೇ ಇರಲಿಲ್ಲ, ಅದನ್ನೂ ಸೇರಿಸಿಯೇ ಲೆಕ್ಕ ಹೇಳುತ್ತಿದ್ದೇನೆ. ಶುಭಾಶಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲ ಥ್ಯಾಂಕ್ಸ್ ನನ್ನ ಕಾಕಾನಿಗೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತೇರು ಎಳೆದ ಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಆಡುತ್ತವೆ, ಅಲ್ವಾ? ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವರು ಅವರು. ಒಂದು ರಾತ್ರಿ ಹಾಸ್ಯ ಪಾತ್ರದವನು, "ನಮ್ಮೂರ ರಸ್ತಾ ನೋಡಿ ಎಮ್ಮಿನೂ ಹೊಳ್ಳಿ ಮನಿಗೆ ಹೋಗೈತ್ರಿ" ಅಂದ. ಮುಂದಿನ ಸಾಲಿನಲ್ಲೇ ಕೂತಿದ್ದ ಲೀಡರ್ ಎಲ್ಲರಿಗಿಂತ ಜೋರಾಗಿ ನಕ್ಕು, ನೂರು ರೂಪಾಯಿ ಆಯೇರಿ ಮಾಡಿದರು. ಬೈಸಿಕೊಂಡವರೇ ದುಡ್ಡು ಕೊಡುತ್ತಾರೆ! ಈ ಕೆಲಸ ನನಗೆ ಬೇಕು ಅನಿಸಿದ್ದು ಅವತ್ತೇ.

ನಮ್ಮ ಚಾನೆಲ್ಲಿನ ವಕೀಲರಿಗೂ ಥ್ಯಾಂಕ್ಸ್. ಓದಿ ಮೊದಲು ನಗುತ್ತಿದ್ದರು, ಆಮೇಲೆ ಅದನ್ನೇ ಹೊಡೆದು ಹಾಕುತ್ತಿದ್ದರು. ಆಲಮಟ್ಟಿ ಡ್ಯಾಂನಲ್ಲಿ 524.256 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಬಹುದು ಅಂತ ಕೃಷ್ಣಾ ನದಿ ನೀರಿನ ನ್ಯಾಯಾಧಿಕರಣ ಹೇಳಿದ್ದು 2010ರಲ್ಲಿ. ನೀರು ನಿಲ್ಲಿಸುವುದು ಇವತ್ತಿಗೂ 519.60ಕ್ಕೇ. ಅದರ ಮೇಲಿನ ಒಂದೇ ಸ್ಕಿಟ್ಟನ್ನು ತಾರೀಖು ಬದಲಿಸಿ ಮೂರು ಸಲ ಕೊಟ್ಟೆ. ಮೂರು ಸಲವೂ ಅವರು ಹೊಸದಾಗಿ ನಕ್ಕರು.

ಕಾರ್ಯಕ್ರಮ ನಿಂತಾಗ ನವನಗರದ ಅಕ್ಕನ ಮನೆಗೆ ಬಂದೆ. ಹಳೇ ಬಾಗಲಕೋಟೆಯ ನಮ್ಮ ಮನೆ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷವಾಗಿದೆ. ಚಹಾದಂಗಡಿಯ ಅಣ್ಣ ಎಂಟು ತಿಂಗಳೂ ಉದ್ರಿ ಕೊಟ್ಟ. ಒಂದೇ ಷರತ್ತು: "ಟಿವ್ಯಾಗ ಬರಲಿಕ್ಕರ ಏನಾತ್ರಿ, ದಿನಾ ಪೇಪರ್ ಓದಿ ಇಲ್ಲೇ ಒಂದ್ ಹೇಳ್ರಿ." ಹೇಳಿದೆ. ಕೈ ಮರೆತು ಹೋಗದೇ ಇದ್ದದ್ದು ಆ ಬೆಂಚಿನಿಂದ.

ಉಳಿದದ್ದು ಅವ್ವ. ಸ್ಕ್ರಿಪ್ಟ್ ಮುಗಿದ ಕೂಡಲೇ ಬೆಂಗಳೂರಿನಿಂದ ಫೋನ್ ಮಾಡಿ ಓದುತ್ತಿದ್ದೆ. ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ಪಟ. ಆ ಸದ್ದು ನಿಂತರೆ ಜೋಕು ಪಾಸು. ನಿಲ್ಲದಿದ್ದರೆ ನಾನೇ ಸುಮ್ನೆ ಆ ಸಾಲು ತೆಗೆಯುತ್ತಿದ್ದೆ.

2018ರ ಮೇ 19, ಶನಿವಾರ. ಹೊಸ ಮುಖ್ಯಮಂತ್ರಿಯ ಮೇಲೆ ಪೂರ್ತಿ ಎಪಿಸೋಡ್ ರೆಡಿ ಇತ್ತು. 17ಕ್ಕೆ ಪ್ರಮಾಣ ವಚನ ತೆಗೆದುಕೊಂಡಿದ್ದ ಯಡಿಯೂರಪ್ಪ ಅವತ್ತು ಸಂಜೆ ರಾಜೀನಾಮೆ ಘೋಷಿಸಿಬಿಟ್ಟರು. ಬರೆದದ್ದೆಲ್ಲ ಬುಟ್ಟಿಗೆ. ಗಾಬರಿಯಲ್ಲಿ ಅವ್ವನಿಗೆ ಫೋನ್ ಮಾಡಿದೆ. ಸದ್ದು ನಿಂತಿತು.

"ಬಾಡಗಿ ಮನಿಯವ್ರೂ ಒಂದ್ ತಿಂಗಳರೆ ಇರ್ತಾರಲ್ಲೋ ತಮ್ಮಾ!"

ಆ ರಾತ್ರಿ ಎಪಿಸೋಡ್ ಶುರುವಾಗಿದ್ದೇ ಆ ಮಾತಿನಿಂದ. ಜನ ಅದನ್ನೇ ವಾರಗಟ್ಟಲೆ ಹೇಳಿಕೊಂಡು ಓಡಾಡಿದರು. ಪರದೆಯ ಮೇಲೆ ಬಂದದ್ದು ಮಾತ್ರ ನನ್ನ ಹೆಸರು. ಸಂಭಾವನೆಯೂ ನನಗೇ.

ಮೊನ್ನೆ ಇದನ್ನೆಲ್ಲ ಬರೆಯುತ್ತೇನೆ ಅಂತ ಅವ್ವನಿಗೆ ಹೇಳಿದೆ. "ಬರಕೋ. ಜ್ವಾಳ ತುಟ್ಟಿ ಆಗ್ಯಾವು, ಒಂದ್ ಚೀಲದ ರೊಕ್ಕ ಕಳಸು" ಅಂದಳು.

ಕಳಿಸಿದ್ದೇನೆ ಅವ್ವ.